ಹಾರಿಸದೆ ಇಳಿಸುವ ಕೈ

ನಲವತ್ತೊಂದನೆಯ ಹೊಡೆತಕ್ಕೆಂದು ಪಿಸ್ತೂಲು ಎತ್ತಿದಾಗಲೇ ಕೈ ನಡುಗುತ್ತಿರುವುದು ನನಗೆ ಕಾಣುತ್ತಿತ್ತು. ಎಂಟು ಸೆಕೆಂಡಾಯಿತು, ಹತ್ತಾಯಿತು, ಹದಿಮೂರಾಯಿತು. ಗುರಿ ಹಿಡಿಯಲೆಂದು ನಳಿಗೆಯ ತುದಿಯಲ್ಲಿರುವ ಕಡ್ಡಿ, ಅಂದರೆ ಫ್ರಂಟ್ ಸೈಟ್, ಮಾತ್ರ ನಿಲ್ಲಬೇಕಾದ ಕಡೆ ನಿಲ್ಲಲೊಲ್ಲದು. ಕೊನೆಗೊಮ್ಮೆ ಅದು ಕ್ಷಣಮಾತ್ರ ನಿಂತಂತೆ ಕಂಡದ್ದೇ ತಡ, ಈಗ ಬಿಟ್ಟರೆ ಮತ್ತೆ ಸಿಕ್ಕದು ಎಂದು ಬೆರಳು ತನ್ನಷ್ಟಕ್ಕೆ ತೀರ್ಮಾನಿಸಿ ಟ್ರಿಗರನ್ನು ಸೆಳೆದುಬಿಟ್ಟಿತು. ಎದುರಿನ ಪುಟ್ಟ ಮಾನಿಟರಿನಲ್ಲಿ ಮೂಡಿದ ಅಂಕ ಹತ್ತಕ್ಕೆ ನಾಲ್ಕು. ಅಲ್ಲಿಯವರೆಗಿನ ನಲವತ್ತು ಹೊಡೆತಗಳಲ್ಲಿ 363 ಅಂಕ ಗಳಿಸಿ, ನನ್ನ ಮಟ್ಟಿಗೆ ಅತ್ಯುತ್ತಮ ಎನ್ನಬಹುದಾದ ಮೊತ್ತದತ್ತ ಸಾಗುತ್ತಿದ್ದ ನನಗೆ, ಆ ನಾಲ್ಕರ ನಂತರದ ಹತ್ತೊಂಬತ್ತು ಹೊಡೆತಗಳನ್ನು ಹೇಗೆ ಹೊಡೆದೆನೆಂಬುದು ಇವತ್ತಿಗೂ ಸರಿಯಾಗಿ ನೆನಪಿಲ್ಲ. ಒಟ್ಟು 527ಕ್ಕೆ ಮುಗಿಯಿತು.

ಮ್ಯಾಚ್ ಮುಗಿದ ಮೇಲೆ ರೇಂಜಿನ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಾಗ ನಮ್ಮ ತರಬೇತುದಾರರು ಬಂದು ಪಕ್ಕದಲ್ಲಿ ಕುಳಿತರು. ಅವರು ಸೈನ್ಯದಿಂದ ನಿವೃತ್ತರಾದ, ಬೆಳಗಾವಿ ಕಡೆಯ ಹಿರಿಯರು. ಬೆಂಗಳೂರಿನಲ್ಲಿ ನೆಲೆಸಿ ಎಷ್ಟೋ ವರ್ಷವಾಗಿದ್ದರೂ ಮಾತು ಬದಲಾಗಿಲ್ಲ. ನಾನು ನಡುಕದ ಬಗ್ಗೆ, ಹಿಂದಿನ ರಾತ್ರಿ ನಿದ್ದೆ ಬಾರದ ಬಗ್ಗೆ, ಪಕ್ಕದ ಲೇನಿನವರು ಜೋರಾಗಿ ಉಸಿರುಬಿಡುತ್ತಿದ್ದ ಬಗ್ಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕಡೆಗೆ ಒಂದೇ ಪ್ರಶ್ನೆ ಕೇಳಿದರು: “ಕೈ ಇಳಸಾಕ ಏನ್ ರೊಕ್ಕಾ ಕೊಡಬೇಕಾಗಿತ್ತೇನ್ರೀ? ಗುರಿ ಎಲ್ಲಿ ಓಡಿ ಹೋಗ್ತಿತ್ತು?”

ಅಲ್ಲಿಂದೀಚೆಗೆ ಸುಮಾರು ಒಂದೂವರೆ ವರ್ಷ ನಾನು ಮಾಡಿದ ಅಭ್ಯಾಸವೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿ ಮಾಡಿದ್ದು. ಅದನ್ನು ಹೇಳುವ ಮೊದಲು ಆಟದ ವಿವರ ಸ್ವಲ್ಪ ತಿಳಿಸಬೇಕು. ನನ್ನದು ಹತ್ತು ಮೀಟರ್ ಏರ್ ಪಿಸ್ತೂಲು. ಮದ್ದಿನ ಬದಲು ಒತ್ತಡದಲ್ಲಿಟ್ಟ ಗಾಳಿಯಿಂದ 4.5 ಮಿಲಿಮೀಟರ್ ವ್ಯಾಸದ ಸೀಸದ ಪೆಲೆಟ್ಟನ್ನು ಹಾರಿಸುವ ಈ ಪಿಸ್ತೂಲು 1500 ಗ್ರಾಂಗಿಂತ ಹೆಚ್ಚು ತೂಗಬಾರದು, ಅದರ ಟ್ರಿಗರು ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು, ಹಿಡಿಯುವುದು ಒಂದೇ ಕೈಯಲ್ಲಿ, ಮಣಿಕಟ್ಟಿಗೆ ಯಾವ ಆಸರೆಯನ್ನೂ ಕೊಡುವಂತಿಲ್ಲ. ಹತ್ತು ಮೀಟರ್ ಆಚೆಗಿರುವ ಗುರಿಯ ಕಪ್ಪು ಭಾಗ 59.5 ಮಿಲಿಮೀಟರ್, ಅದರ ನಡುವಿನ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಎಲೆಕ್ಟ್ರಾನಿಕ್ ಗುರಿಯಾದರೆ ಅರವತ್ತು ಹೊಡೆತಕ್ಕೆ 75 ನಿಮಿಷ, ಅದಕ್ಕೆ ಮೊದಲು ತಯಾರಿಗೂ ಅಂಕಕ್ಕೆ ಸೇರದ ಪರೀಕ್ಷಾರ್ಥ ಹೊಡೆತಗಳಿಗೂ ಹದಿನೈದು ನಿಮಿಷ.

ಮಲೆನಾಡಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನಾದ್ದರಿಂದ ಕೋವಿ ನನಗೆ ಅಪರಿಚಿತವೇನಲ್ಲ. ಬೆಳೆ ರಕ್ಷಣೆಗೆಂದು ಅಪ್ಪಯ್ಯನ ಹೆಸರಿನಲ್ಲಿ ಪರವಾನಗಿ ಇದ್ದ ಒಂಟಿನಳಿಗೆಯ ಕೋವಿಯೊಂದು ಮನೆಯಲ್ಲಿತ್ತು. ಮಂಗಗಳನ್ನು ಬೆದರಿಸಲು ವರ್ಷಕ್ಕೆ ನಾಲ್ಕಾರು ಬಾರಿ ಸದ್ದು ಮಾಡುತ್ತಿದ್ದ ಅದು ಚುನಾವಣೆ ಘೋಷಣೆಯಾಯಿತೆಂದರೆ ಪೊಲೀಸ್ ಠಾಣೆಗೆ ಹೋಗಿ ಕೂತು, ಫಲಿತಾಂಶ ಬಂದ ಮೇಲೆ ಮನೆಗೆ ಮರಳುತ್ತಿತ್ತು. ಆ ಕೋವಿಯಿಂದ ಒಂದೆರಡು ಈಡು ಹೊಡೆದಿದ್ದೇನೆಂಬ ಧೈರ್ಯದಲ್ಲೇ ನಲವತ್ತು ದಾಟಿದ ಮೇಲೆ ರೇಂಜಿಗೆ ಕಾಲಿಟ್ಟೆ, ಮೊದಲ ದಿನವೇ ಆ ಧೈರ್ಯ ಇಳಿಯಿತು. ಕೋವಿಗೆ ಹೆಗಲಿನ ಆಸರೆಯಿದೆ, ಕೆನ್ನೆಯ ಆಸರೆಯಿದೆ, ಎರಡು ಕೈಗಳಿವೆ. ಪಿಸ್ತೂಲಿಗೆ ಚಾಚಿದ ತೋಳಿನ ತುದಿಯ ಒಂದು ಅಂಗೈ ಬಿಟ್ಟರೆ ಬೇರೇನೂ ಇಲ್ಲ. ಎದೆ ಬಡಿದರೂ ಉಸಿರೆಳೆದರೂ ಮನಸ್ಸು ಅಳುಕಿದರೂ ನಳಿಗೆಯ ತುದಿಗೆ ಸುದ್ದಿ ಮುಟ್ಟುತ್ತದೆ. (ಪಿಸ್ತೂಲು ಕಲಿಯುತ್ತಿದ್ದೇನೆಂದೊಡನೆ ‘ಕಳ್ಳರು ಬಂದರೆ ಬಿಡಬೇಡ’ ಎನ್ನುವ ನೆಂಟರು ಬಹಳ. ಆತ್ಮರಕ್ಷಣೆಯ ಆಯುಧ, ಅದರ ಪರವಾನಗಿ, ಅದರ ತರಬೇತಿ ಎಲ್ಲವೂ ಬೇರೆಯೇ. ನಾನು ಹೇಳುತ್ತಿರುವುದು ಕಾಗದಕ್ಕೆ ತೂತು ಮಾಡುವ ವಿದ್ಯೆಯ ವಿಷಯ.)

ನಡುಕಕ್ಕೆ ನಾನು ಅಷ್ಟೊಂದು ಹೆದರಬೇಕಾಗಿರಲಿಲ್ಲ ಎಂಬುದು ಮೊದಲು ಅರ್ಥವಾದದ್ದು ಲೆಕ್ಕ ಹಾಕಿದಾಗ. ಪಿಸ್ತೂಲಿನ ಮೇಲೆ ಎರಡು ಸೈಟುಗಳಿರುತ್ತವೆ: ಕಣ್ಣಿಗೆ ಹತ್ತಿರವಿರುವ ರಿಯರ್ ಸೈಟಿನಲ್ಲಿ ಚೌಕಾಕಾರದ ಒಂದು ಕಚ್ಚು, ನಳಿಗೆಯ ತುದಿಯ ಫ್ರಂಟ್ ಸೈಟ್ ಎಂದರೆ ನೆಟ್ಟಗೆ ನಿಂತ ಒಂದು ಕಡ್ಡಿ. ಆ ಕಡ್ಡಿ ಕಚ್ಚಿನ ನಡುವೆ, ಎಡಬಲದಲ್ಲಿ ಸಮನಾದ ಬೆಳಕು ಕಾಣುವಂತೆ, ತಲೆಗೆ ತಲೆ ಸಮವಾಗಿ ನಿಲ್ಲಬೇಕು. ನನ್ನ ಪಿಸ್ತೂಲಿನಲ್ಲಿ ಈ ಎರಡರ ನಡುವಿನ ಅಂತರ 33 ಸೆಂಟಿಮೀಟರಿನಷ್ಟಿದೆ. ಕಡ್ಡಿ ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರ್ ಸರಿದರೂ ಹತ್ತು ಮೀಟರ್ ದೂರದಲ್ಲಿ ಆ ತಪ್ಪು ಮೂವತ್ತು ಪಟ್ಟಾಗಿ, ಪೆಲೆಟ್ಟು ಮೂರು ಸೆಂಟಿಮೀಟರ್ ಆಚೆ ಬೀಳುತ್ತದೆ. ಅದು ಏಳು ಅಂಕ. ಅದೇ, ಸೈಟುಗಳೆರಡೂ ಸಮವಾಗಿದ್ದು ಇಡೀ ಕೈಯೇ ಒಂದು ಸೆಂಟಿಮೀಟರ್ ಪಕ್ಕಕ್ಕೆ ತೇಲಿದ್ದರೆ ಪೆಲೆಟ್ಟೂ ಒಂದು ಸೆಂಟಿಮೀಟರ್ ಮಾತ್ರ ಸರಿಯುತ್ತದೆ, ಒಂಬತ್ತು ಅಂಕ ಕೈಯಲ್ಲಿರುತ್ತದೆ. ಕಣ್ಣಿಗೆ ಭಯಂಕರವಾಗಿ ಕಾಣುವ ತೂಗಾಟ ಒಂದು ಅಂಕ ಕಸಿದರೆ, ಕಣ್ಣಿಗೆ ಬೀಳದಂತೆ ಮಣಿಕಟ್ಟು ಮಾಡುವ ಸಣ್ಣ ತಿರುಚು ಮೂರು ಅಂಕ ಕಸಿಯುತ್ತದೆ. ಮಣಿಕಟ್ಟು ತಿರುಚುವುದು ಯಾವಾಗ? ಬೆರಳು ಅವಸರದಲ್ಲಿ ಟ್ರಿಗರನ್ನು ಸೆಳೆದಾಗ.

ಹೀಗಾಗಿ ಕಣ್ಣು ಇರಬೇಕಾದದ್ದು ಗುರಿಯ ಮೇಲಲ್ಲ, ಫ್ರಂಟ್ ಸೈಟಿನ ಮೇಲೆ. ಗುರಿ ಮಸುಕಾದ ಕಪ್ಪು ಚೆಂಡಿನಂತೆ ಕಂಡರೆ ಸಾಕು. ಸೈಟು ಅದರ ಕೆಳಗಿನ ಬಿಳಿಯ ಜಾಗದಲ್ಲಿ ಅಲ್ಲೇ ಅಡ್ಡಾಡಿಕೊಂಡಿರಲಿ ಎಂದು ಬಿಟ್ಟು, ಕಡ್ಡಿಯ ಅಂಚು ಮಾತ್ರ ಚೂರಿಯಿಂದ ಕೊಯ್ದಷ್ಟು ಸ್ಪಷ್ಟವಾಗಿ ಕಾಣುವಂತೆ ನೋಡಿಕೊಳ್ಳಬೇಕು. ಇದಕ್ಕೆಂದು ಕನ್ನಡಕ ಮಾಡಿಸಲು ಹೋದಾಗ ಅಂಗಡಿಯವರು, ‘ಓದೋಕಾ ಸಾರ್, ದೂರಕ್ಕಾ?’ ಎಂದರು. ಎರಡಕ್ಕೂ ಅಲ್ಲ, ನನ್ನ ತೋಳಿನ ಉದ್ದಕ್ಕೆ ಎಂದು ಹೇಳಿ ಅವರನ್ನು ನಂಬಿಸುವಷ್ಟರಲ್ಲಿ ಸಾಕಾಯಿತು.

ಮ್ಯಾಚಿನ ಒತ್ತಡವು ಬಂದು ಕುಟುಕುವುದು ಸರಿಯಾಗಿ ಈ ಜಾಗಕ್ಕೇ. ಅಡ್ರಿನಲಿನ್ ಏರಿದಾಗ ಎದೆಬಡಿತ ಹೆಚ್ಚುತ್ತದೆ, ಕೈಯ ನಡುಕ ಹೆಚ್ಚುತ್ತದೆ, ಅಂಗೈ ಬೆವರುತ್ತದೆ, ಬೆರಳ ತುದಿಯ ಸೂಕ್ಷ್ಮತೆ ತಗ್ಗುತ್ತದೆ. ಕಣ್ಣಿನ ಪಾಪೆ ಹಿಗ್ಗುವುದರಿಂದ ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಮತ್ತಷ್ಟು ಕಷ್ಟವಾಗುತ್ತದೆ. ಅದರ ಮೇಲೆ, ಭಯಗೊಂಡ ಮನಸ್ಸು ಕಣ್ಣನ್ನು ಸೈಟಿನಿಂದ ಕಿತ್ತು ಗುರಿಯ ಕಡೆಗೆ ಎಳೆಯುತ್ತದೆ. ಹೊಡೆದಾಟಕ್ಕೋ ಓಡಿಹೋಗುವುದಕ್ಕೋ ಅನುಕೂಲವಾದ ಈ ಏರ್ಪಾಡೆಲ್ಲ, ಅರ್ಧ ಕಿಲೋ ಭಾರದ ಟ್ರಿಗರನ್ನು ಮೆಲ್ಲಗೆ ನೇರವಾಗಿ ಹಿಂದಕ್ಕೆ ಒತ್ತುವ ಕೆಲಸಕ್ಕೆ ಪೂರ್ತಿ ಅಡ್ಡಿ. ಎದೆಬಡಿತವನ್ನೂ ನಡುಕವನ್ನೂ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳು ಶೂಟಿಂಗಿನಲ್ಲಿ ನಿಷಿದ್ಧವಾಗಿರುವುದು ಈ ಕಾರಣಕ್ಕೇ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ 50 ಮೀಟರ್ ಪಿಸ್ತೂಲಿನ ಬೆಳ್ಳಿ ಮತ್ತು 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದಿದ್ದ ಉತ್ತರ ಕೊರಿಯಾದ ಕಿಮ್ ಜಾಂಗ್ ಸು, ಪ್ರೊಪ್ರನಲಾಲ್ ಸೇವಿಸಿದ್ದು ಪರೀಕ್ಷೆಯಲ್ಲಿ ಪತ್ತೆಯಾಗಿ ಎರಡನ್ನೂ ಕಳೆದುಕೊಂಡರು. ಓಟಗಾರರು ಸ್ನಾಯು ಬೆಳೆಸುವ ಮದ್ದು ತೆಗೆದುಕೊಂಡು ಸಿಕ್ಕಿಬೀಳುತ್ತಾರೆ. ನಮ್ಮ ಆಟದಲ್ಲಿ ಎದೆ ಸುಮ್ಮನಿರಲೆಂದು ಮಾತ್ರೆ ನುಂಗಿ ಸಿಕ್ಕಿಬೀಳುತ್ತಾರೆ.

ಮಾತ್ರೆ ಸಲ್ಲದು, ನಡುಕ ಬಿಡದು ಎಂದ ಮೇಲೆ ಅಭ್ಯಾಸದ ದಿಕ್ಕನ್ನೇ ಬದಲಿಸಬೇಕಾಯಿತು. ಅದುವರೆಗೆ ನಾನು ವಾರಕ್ಕೆ ಮೂರು ಸಲ ರೇಂಜಿಗೆ ಹೋಗಿ ಸಲಕ್ಕೆ ನೂರು ಪೆಲೆಟ್ ಹಾರಿಸಿ ಬರುತ್ತಿದ್ದೆ. ತರಬೇತುದಾರರು ಮೊದಲು ಮಾಡಿದ ಕೆಲಸ ಪೆಲೆಟ್ ಡಬ್ಬಿಯನ್ನು ಕಸಿದುಕೊಂಡದ್ದು. ಆರು ವಾರ ಮನೆಯಲ್ಲೇ ಡ್ರೈ ಪ್ರಾಕ್ಟೀಸ್, ಅಂದರೆ ಪೆಲೆಟ್ ಇಲ್ಲದೆ, ಬರಿಯ ಬಿಳಿ ಗೋಡೆಗೆ ಮುಖಮಾಡಿ ಟ್ರಿಗರ್ ಒತ್ತುವುದು. ಈಗಿನ ಪಿಸ್ತೂಲುಗಳಲ್ಲಿ ಗಾಳಿ ಹೊರಬೀಳದೆ ಟ್ರಿಗರು ಮಾತ್ರ ಕೆಲಸ ಮಾಡುವ ವ್ಯವಸ್ಥೆ ಇರುತ್ತದೆ. ಹಾಗಿದ್ದರೂ ಪ್ರತಿ ಸಲ ನಳಿಗೆ ಖಾಲಿಯಿದೆಯೆಂದು ಕಣ್ಣಿನಿಂದ ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು, ಮನೆಯವರು ಯಾರೂ ಆ ಕಡೆ ಹಾಯುವುದಿಲ್ಲವೆಂದು ಖಚಿತಪಡಿಸಿಕೊಂಡೇ ಆರಂಭಿಸಬೇಕೆಂಬುದು ಅವರ ಕಟ್ಟಪ್ಪಣೆ. ಗೋಡೆಯ ಮೇಲೆ ಗುರಿಯೇ ಇಲ್ಲದ್ದರಿಂದ ಕಣ್ಣಿಗೆ ಸೈಟನ್ನು ಬಿಟ್ಟು ಹೋಗಲು ಬೇರೆ ಜಾಗವಿರುವುದಿಲ್ಲ. ಟ್ರಿಗರಿನ ಮೊದಲ ಹಂತದ ಸಡಿಲವನ್ನು ಕೈ ಇಳಿಯುತ್ತಾ ಗುರಿಯ ಜಾಗಕ್ಕೆ ಬರುವಾಗಲೇ ತೆಗೆದುಕೊಂಡು, ಎರಡನೆಯ ಹಂತದ ಬಿಗಿಗೆ ಬೆರಳು ತಾಗಿದ ಮೇಲೆ ಒತ್ತಡವನ್ನು ನಿಲ್ಲಿಸದೆ ಏರಿಸುತ್ತಾ ಹೋಗಬೇಕು. ಟಿಕ್ ಎಂಬ ಸದ್ದು ಯಾವ ಕ್ಷಣದಲ್ಲಿ ಬರುತ್ತದೆಂದು ನನಗೇ ಗೊತ್ತಿರಬಾರದು. ಸದ್ದಾದ ಮೇಲೂ ಎರಡು ಸೆಕೆಂಡು ಸೈಟನ್ನು ನೋಡುತ್ತಲೇ ಇದ್ದು, ಅದು ಕದಲಿತೇ ಎಂದು ಗಮನಿಸಬೇಕು. ಮೊದಲ ವಾರ ಅದು ಪ್ರತಿ ಸಲವೂ ಎಡಕ್ಕೆ ಕೆಳಗೆ ಜಿಗಿಯುತ್ತಿತ್ತು. ರೇಂಜಿನಲ್ಲಿ ಪೆಲೆಟ್ ಹಾರುವ ಸದ್ದಿನಲ್ಲೂ ಅಂಕ ನೋಡುವ ಆತುರದಲ್ಲೂ ಈ ಜಿಗಿತ ಎರಡು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆರು ವಾರದ ನಂತರ ಬಂದದ್ದು ಕೈ ಇಳಿಸುವ ಪಾಠ. ಲೆಕ್ಕ ಸರಳವಾಗಿದೆ. 75 ನಿಮಿಷವನ್ನು ಅರವತ್ತು ಹೊಡೆತಕ್ಕೆ ಹಂಚಿದರೆ ಒಂದಕ್ಕೆ 75 ಸೆಕೆಂಡು ಸಿಗುತ್ತದೆ. ಕೈ ಗುರಿಯ ಜಾಗಕ್ಕೆ ಬಂದು ನೆಲೆನಿಂತ ಮೇಲಿನ ನಾಲ್ಕರಿಂದ ಎಂಟು ಸೆಕೆಂಡೇ ನನ್ನ ಒಳ್ಳೆಯ ಹೊತ್ತು; ಅದು ಮೀರಿತೆಂದರೆ ತೋಳು ದಣಿಯುತ್ತದೆ, ಕಟ್ಟಿ ಹಿಡಿದ ಉಸಿರು ಸಾಲದಾಗುತ್ತದೆ, ನೋಡಿ ನೋಡಿ ಸೋತ ಕಣ್ಣು ಸರಿಯಿಲ್ಲದ್ದನ್ನೂ ಸರಿಯೆಂದು ತೋರಿಸತೊಡಗುತ್ತದೆ. ಆ ಹೊತ್ತಿನೊಳಗೆ ಹೊಡೆತ ಬಿಡುಗಡೆಯಾಗದಿದ್ದರೆ ಕೈ ಇಳಿಸಿ, ಉಸಿರಾಡಿ, ಮತ್ತೆ ಎತ್ತಲು ಧಾರಾಳ ಸಮಯವಿದೆ. ಇದು ಮೊದಲ ತಿಂಗಳು ಕಲಿಯುವ ಎಳೆಯರಿಗೂ ಗೊತ್ತು. ಗೊತ್ತಿದ್ದೂ ಯಾರೂ ಇಳಿಸುವುದಿಲ್ಲ. ಹದಿಮೂರು ಸೆಕೆಂಡು ಹಿಡಿದಿದ್ದೇನೆ, ಅದನ್ನು ವ್ಯರ್ಥ ಮಾಡುವುದೇ ಎಂಬ ಲೋಭ ಒಂದು. ಹಿಂದೆ ನಿಂತು ನೋಡುತ್ತಿರುವವರು ಇವನಿಗೆ ಹೆದರಿಕೆಯಾಗಿದೆ ಎಂದುಕೊಂಡಾರು ಎಂಬ ನಾಚಿಕೆ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಅಭ್ಯಾಸದಲ್ಲಿ ಎತ್ತಿದ ಕೈಯನ್ನೆಲ್ಲ ಹೊಡೆತದಿಂದಲೇ ಮುಗಿಸಿರುತ್ತೇವೆ. ಸಾವಿರ ಸಲ ಹಾಗೆ ಮಾಡಿದ ಬೆರಳಿಗೆ, ಮ್ಯಾಚಿನ ದಿನ ಮಾತ್ರ ಬೇರೆ ಬುದ್ಧಿ ಬಾ ಎಂದರೆ ಎಲ್ಲಿಂದ ಬಂದೀತು?

ಆದ್ದರಿಂದ ಅವರು ಹಾಕಿಕೊಟ್ಟ ಪಾಠ ಹೀಗಿತ್ತು. ನಾನು ಎತ್ತುತ್ತೇನೆ, ಹತ್ತು ಸಲದಲ್ಲಿ ಮೂರು ಸಲ, ಯಾವಾಗಲೆಂದು ನನಗೆ ತಿಳಿಸದೆ, ಅವರು ಹಿಂದಿನಿಂದ “ಇಳಸ್ರೀ” ಎನ್ನುತ್ತಾರೆ. ಸೈಟು ಎಷ್ಟೇ ಚೆನ್ನಾಗಿ ನಿಂತಿದ್ದರೂ, ಬೆರಳು ಎರಡನೆಯ ಹಂತದ ಅಂಚಿನಲ್ಲೇ ಇದ್ದರೂ, ಇಳಿಸಬೇಕು. ಕೇಳಲು ಸುಲಭ. ಮೊದಲ ಸಂಜೆ ಒಂಬತ್ತು ಸಲ “ಇಳಸ್ರೀ” ಎಂದದ್ದರಲ್ಲಿ ನಾಲ್ಕು ಸಲ ಅವರ ಮಾತು ಮುಗಿಯುವ ಮೊದಲೇ ಪೆಲೆಟ್ ಹಾರಿಹೋಗಿತ್ತು. ಒಂದು ಸಲವಂತೂ ಬೆರಳನ್ನು ಟ್ರಿಗರಿನಲ್ಲೇ ಬಿಟ್ಟು ಕೈ ಇಳಿಸಿದ್ದರಿಂದ ಪೆಲೆಟ್ಟು ಎದುರಿನ ಮೇಜಿನ ಅಂಚಿಗೆ ಬಡಿದು, ಪ್ಲೈವುಡ್ಡಿನಲ್ಲಿ ಅಚ್ಚುಕಟ್ಟಾದ ಒಂದು ಕುಳಿಯಾಯಿತು. ಆ ಕುಳಿ ಈಗಲೂ ಇದೆ, ಹೊಸಬರಿಗೆ ನನ್ನ ಹೆಸರು ಹೇಳಿ ತೋರಿಸುತ್ತಾರೆ. ಮೊದಲು ಬೆರಳು ಟ್ರಿಗರಿನ ಹೊರಗೆ, ಆಮೇಲೆ ನಳಿಗೆ ಗುರಿಯ ನೇರದಲ್ಲೇ ಇರುವಂತೆ ಕೈ ಕೆಳಗೆ, ಆಮೇಲೆ ಉಸಿರು: ಈ ಕ್ರಮವನ್ನು ಬೇರೆಯಾಗಿಯೇ, ಪೆಲೆಟ್ ಇಲ್ಲದೆ, ಇನ್ನೂರು ಮುನ್ನೂರು ಸಲ ಮಾಡಿಸಿದರು.

ಒತ್ತಡವನ್ನು ಅಭ್ಯಾಸದೊಳಗೆ ತರುವುದು ಹೇಗೆ ಎಂಬುದರಲ್ಲಿ ನನಗೂ ಅವರಿಗೂ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಮೆಟ್ಟಿಲು ಹತ್ತಿ ಇಳಿದು, ಏದುಸಿರಿನಲ್ಲೇ ಬಂದು ಹೊಡೆಯಿರಿ ಎಂಬುದು ಅವರ ಹಳೆಯ ಸೈನ್ಯದ ರೂಢಿ. ಬಡಿಯುವ ಎದೆಯೊಡನೆ ಟ್ರಿಗರ್ ಒತ್ತಲು ಅದು ಕಲಿಸಿತೆಂಬುದು ನಿಜ. ಆದರೆ ಓಟದಿಂದ ಏರಿದ ಎದೆಬಡಿತದ ಜೊತೆ ಅಂಜಿಕೆ ಇರುವುದಿಲ್ಲ, ಎರಡು ನಿಮಿಷಕ್ಕೆ ಅದು ತಾನೇ ಇಳಿಯುತ್ತದೆ. ನನಗೆ ಹೆಚ್ಚು ಉಪಕಾರ ಮಾಡಿದ್ದು ಶನಿವಾರದ ಪಂದ್ಯ. ನಾವು ಐದಾರು ಮಂದಿ ಸೇರಿ ಒಲಿಂಪಿಕ್ ಫೈನಲ್ಲಿನ ಮಾದರಿಯಲ್ಲಿ ಹೊಡೆಯುತ್ತೇವೆ. ಪ್ಯಾರಿಸ್ಸಿನಲ್ಲಿ ನೋಡಿದಂತೆ, ಮೊದಲು ಐದೈದು ಹೊಡೆತದ ಎರಡು ಸರಣಿ, ಸರಣಿಗೆ 250 ಸೆಕೆಂಡು. ನಂತರ ‘ಲೋಡ್’, ‘ಸ್ಟಾರ್ಟ್’ ಎಂಬ ಆಜ್ಞೆಗೆ ಒಂದೊಂದೇ ಹೊಡೆತ, ಒಂದಕ್ಕೆ 50 ಸೆಕೆಂಡು. ಹನ್ನೆರಡನೆಯ ಹೊಡೆತದಿಂದ ಎರಡೆರಡಕ್ಕೆ ಒಬ್ಬರು ಹೊರಗೆ. ಉಳಿದವರು ಹಿಂದೆ ನಿಂತು ಗದ್ದಲ ಮಾಡಬಹುದು, ಮೊಬೈಲಿನಲ್ಲಿ ಹಾಡು ಹಾಕಬಹುದು. ನಿಜವಾದ ಫೈನಲ್ಲಿನಲ್ಲೂ ಹಾಡು ಮೊಳಗುತ್ತಿರುತ್ತದೆ. ಮೊದಲು ಹೊರಬಿದ್ದವರು ಎಲ್ಲರಿಗೂ ಕಾಫಿ ಮತ್ತು ಮದ್ದೂರು ವಡೆ ಕೊಡಿಸಬೇಕು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಸತತವಾಗಿ ಏಳು ವಾರ ನನ್ನಿಂದ ವಡೆ ತಿಂದಳು. “ಅಂಕಲ್, ನೀವು ಹೊಡೆಯೋಕ್ ಮುಂಚೆನೇ ಭುಜ ಮೇಲೆ ಬರತ್ತೆ” ಎಂದು ಆಕೆ ಹೇಳಿದ್ದನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಆ ಮಾತು ನಿಜವಾಗಿತ್ತು.

ದೊಡ್ಡವರ ಆಟವನ್ನೂ ಈ ದೃಷ್ಟಿಯಿಂದ ನೋಡತೊಡಗಿದ ಮೇಲೆ ಬೇರೆಯೇ ವಿವರಗಳು ಕಂಡವು. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಅರ್ಹತಾ ಸುತ್ತಿನ ನಡುವೆ ಪಿಸ್ತೂಲು ಕೆಟ್ಟು, ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡ ಮನು ಭಾಕರ್ 575 ಅಂಕದೊಡನೆ ಹನ್ನೆರಡನೆಯವರಾಗಿ, ಎರಡೇ ಅಂಕದಿಂದ ಫೈನಲ್ ತಪ್ಪಿಸಿಕೊಂಡರು. ಕೈ ಇಳಿಸಲು ಸಮಯವೇ ಇಲ್ಲದಂತಾದ ಸ್ಥಿತಿಯಲ್ಲಿ 575 ಹೊಡೆಯುವುದೆಂದರೆ ಏನೆಂದು ಗಡಿಯಾರ ನೋಡಿಕೊಂಡು ಹೊಡೆದವರಿಗೆ ಗೊತ್ತು. ಮೂರು ವರ್ಷದ ಬಳಿಕ ಪ್ಯಾರಿಸ್ಸಿನ ಫೈನಲ್ಲಿನಲ್ಲಿ (ಅಲ್ಲಿ ಅಂಕವನ್ನು ದಶಮಾಂಶದಲ್ಲಿ ಎಣಿಸುತ್ತಾರೆ) ಅವರು 221.7 ಅಂಕಕ್ಕೆ ಕಂಚು ಪಡೆದಾಗ, ಮುಂದಿನ ಸುತ್ತಿಗೆ ಉಳಿದ ದಕ್ಷಿಣ ಕೊರಿಯಾದ ಕಿಮ್ ಯೇಜಿ ಅವರಿಗೂ ಇವರಿಗೂ ಇದ್ದ ಅಂತರ 0.1. ಅದೇ ಒಲಿಂಪಿಕ್ಸಿನ ಮಿಶ್ರ ತಂಡದ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ದಿಕೇಚ್ ಜೇಬಿನಲ್ಲಿ ಕೈಯಿಟ್ಟು ಹೊಡೆದದ್ದನ್ನು ಜಗತ್ತೆಲ್ಲ ಠೀವಿ ಎಂದು ಹೊಗಳಿತು. ನಮ್ಮ ರೇಂಜಿನಲ್ಲಿ ಎಲ್ಲರೂ ನಿಲ್ಲುವುದು ಹಾಗೆಯೇ. ಬಿಡುವಾಗಿರುವ ಕೈ ತೂಗಾಡಿದರೆ ಮೈಯೂ ತೂಗಾಡುತ್ತದೆಂದು ಅದನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತೇವೆ. ನಮ್ಮ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಏರ್ ಪಿಸ್ತೂಲಿನ ಕಂಚನ್ನೂ ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಗೆದ್ದರು, ದಿವ್ಯಾ ಟಿ.ಎಸ್. ಅವರು 2023ರಲ್ಲಿ ಸರಬ್ಜೋತ್ ಸಿಂಗ್ ಜೊತೆ ಬಾಕು ವಿಶ್ವಕಪ್ಪಿನ ಮಿಶ್ರ ತಂಡದ ಚಿನ್ನವನ್ನು ತಂದರು. ಇಂಥವರ ವಿಡಿಯೊಗಳಲ್ಲಿ ನಾನೀಗ ಅಂಕ ನೋಡುವುದನ್ನು ಬಿಟ್ಟು, ಎತ್ತಿದ ಕೈ ಹಾರಿಸದೆ ಕೆಳಗಿಳಿಯುವ ಗಳಿಗೆಯನ್ನು ಕಾಯುತ್ತೇನೆ. ಅವಸರವಿಲ್ಲದೆ, ಮುಖದಲ್ಲಿ ಏನೂ ಕಾಣಿಸಿಕೊಳ್ಳದೆ ಇಳಿಯುತ್ತದೆ.

ಟಿಪ್ಪಣಿ ಪುಸ್ತಕದ ಮಾತು ಬಂತು. ಅದರಲ್ಲಿ ಅಂಕ ಬರೆಯುವುದನ್ನು ನಿಲ್ಲಿಸಿದ್ದೇನೆ. ಪ್ರತಿ ಹೊಡೆತದ ನಂತರ ಮಾನಿಟರ್ ನೋಡುವ ಮೊದಲೇ, ಸೈಟು ಕಡೆಗೆ ಕಂಡ ಜಾಗದಿಂದ ಪೆಲೆಟ್ ಎಲ್ಲಿ ಬಿದ್ದಿರಬೇಕೆಂದು ಊಹಿಸಿ, ಆ ಊಹೆ ಸರಿಯೋ ತಪ್ಪೋ ಎಂಬುದನ್ನಷ್ಟೇ ಗುರುತು ಹಾಕುತ್ತೇನೆ. ‘ಎಂಟು, ಬಲಕ್ಕೆ’ ಎಂದುಕೊಂಡು ನೋಡಿದಾಗ ಎಂಟು ಬಲಕ್ಕೇ ಇದ್ದರೆ ಸರಿ, ಕಣ್ಣು ಇರಬೇಕಾದಲ್ಲಿತ್ತು. ‘ಹತ್ತು’ ಎಂದುಕೊಂಡದ್ದು ಏಳಾಗಿದ್ದರೆ ಕಣ್ಣು ಗುರಿಗೆ ಓಡಿತ್ತು ಎಂದರ್ಥ. ಅದರ ಮುಂದಿನ ಹೊಡೆತಕ್ಕೆ ಮೊದಲು ಪಿಸ್ತೂಲನ್ನು ಮೇಜಿನ ಮೇಲಿಟ್ಟು ನೀರು ಕುಡಿಯುತ್ತೇನೆ.

ಕಳೆದ ತಿಂಗಳ ಮ್ಯಾಚಿನಲ್ಲಿ ಕೈ ಹಿಂದಿನಂತೆಯೇ ನಡುಗಿತು. ನಲವತ್ತೊಂದನೆಯ ಹೊಡೆತ ಬಂದಾಗ ಆ ಸಂಖ್ಯೆ ಬೇಡವೆಂದರೂ ನೆನಪಾಯಿತು, ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ, ಮತ್ತೆ ಇಳಿಸಿದೆ, ಮೂರನೆಯ ಸಲ ಸೈಟಿನ ಅಂಚು ಸ್ಪಷ್ಟವಾಗಿದ್ದಾಗ ಸದ್ದು ತಾನಾಗಿ ಬಂತು. ಎಂಟು. ಮೇಲಕ್ಕೆ, ನಾನು ಊಹಿಸಿದ ಜಾಗದಲ್ಲೇ. ಒಟ್ಟು 541 ಆಯಿತು, ನಾಲ್ಕು ನಿಮಿಷ ಉಳಿದಿತ್ತು. ನಳಿಗೆಗೆ ಸುರಕ್ಷತೆಯ ಕಿತ್ತಳೆ ದಾರವನ್ನು ತೂರಿಸಿ, ಪೆಟ್ಟಿಗೆ ಮುಚ್ಚಿ ಹೊರಗೆ ಬಂದೆ. ತರಬೇತುದಾರರು ಅದೇ ಕಟ್ಟೆಯ ಮೇಲೆ, ಹಿಂದಿನಿಂದ ನೋಡುತ್ತಾ ಗೀಟು ಎಳೆದಿದ್ದ ಚೀಟಿ ಹಿಡಿದು ಕುಳಿತಿದ್ದರು. ಹಾರಿಸದೆ ಕೈ ಇಳಿಸಿದ್ದು ಒಟ್ಟು ಇಪ್ಪತ್ತಮೂರು ಸಲ. ಮೆಚ್ಚಿಯಾರು ಎಂದು ಕಾಯುತ್ತಿದ್ದ ನನ್ನ ಮುಂದೆ ಚೀಟಿಯನ್ನು ಹಿಡಿದು, ಎರಡು ಗೀಟುಗಳ ಮೇಲೆ ಬೆರಳಿಟ್ಟರು: “ಇಲ್ನೋಡ್ರಿ, ಇಪ್ಪತ್ತೊಂದನೇ ಹೊಡತದ್ದು, ಐವತ್ಮೂರನೇ ಹೊಡತದ್ದು. ಇವೆರಡೂ ಸುಮ್ನ ಇಳಿಸೀರಿ. ಸೈಟ್ ನಿಂತಿತ್ತು. ಹೆದರಿ ಇಳಿಸೀರಿ.”

ಅವರು ಹೇಳಿದ್ದು ಸರಿಯಾಗಿತ್ತು. ಸೋಮವಾರದಿಂದ ಅದರ ಅಭ್ಯಾಸ.